ಆತ್ಯಾ ಹೇಳಿದ ಮಂಜೂರು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಮ್ಮೂರಿಗೆ ಬಂದ ವಿದೇಶಿಯರು ಇಬ್ಬರೋ ಮೂವರೋ, ಬಂದದ್ದು ಮಳೆಗಾಲ ಮುಗಿದ ಮೇಲೋ ಸಂಕ್ರಾಂತಿಯ ಹೊತ್ತಿಗೋ, ಆಣೆ ಮಾಡಿ ಹೇಳಲಾರೆ. ಡೈರಿ ಬರೆಯುವ ಚಟ ಆಗಲೂ ಇತ್ತು, ಆದರೆ ಆ ಕಾಲದ ನನ್ನ ಡೈರಿಗಳ ತುಂಬ ನಾನೇ ಇದ್ದೇನೆ, ಊರು ಕಡಿಮೆ. ಮೊನ್ನೆ ಸಾಂಗ್ಲಿಯ ಮಾಧವನಗರ ರಸ್ತೆಯಲ್ಲಿ ಷೇರ್ ಆಟೋ ನಿಂತಾಗ ಪಕ್ಕದ ಕಟ್ಟಿಗೆ ವಖಾರದಲ್ಲಿ ನೀಲಗಿರಿ ಕಂಬಗಳನ್ನು ಇಳಿಸುತ್ತಿದ್ದರು. ಹಸಿ ತೊಗಟೆಯ ವಾಸನೆ ಆಟೋದೊಳಗೆ ತುಂಬಿತು. ಪಕ್ಕದಲ್ಲಿದ್ದ ಹೆಂಗಸು ನೆಗಡಿಗೆ ಒಳ್ಳೆಯದೆಂದು ಉದ್ದಕ್ಕೆ ಉಸಿರೆಳೆದುಕೊಂಡಳು. ನನಗೆ ಆತ್ಯಾ ನೆನಪಾದಳು.

ಆತ್ಯಾ ಎಂದರೆ ನನ್ನ ತಂದೆಯ ಅಕ್ಕ. ಮಿರಜದ ಪೂರ್ವಕ್ಕೆ, ಕೃಷ್ಣೆಯ ನೀರು ಮುಟ್ಟದ ಕಡೆ ನಮ್ಮೂರು. ಗಂಡ ತೀರಿಕೊಂಡ ಮೇಲೆ ಆತ್ಯಾ ತವರೂರಿಗೆ ಬಂದಳು, ಆದರೆ ತಮ್ಮಂದಿರ ಒಲೆಗೆ ಬರಲಿಲ್ಲ. ಹಿತ್ತಲ ಕೋಣೆಯಲ್ಲಿ ಅವಳದೇ ಬೇರೆ ಒಲೆ, ಒಂದಷ್ಟು ಆಡು. ಅವು ಮೇಯುತ್ತಿದ್ದದ್ದು ಗಾಯರಾನಿನಲ್ಲಿ, ಅಂದರೆ ಊರವರ ದನಕರುಗಳಿಗೆಂದು ಬಿಟ್ಟ ಹೊರಗಿನ ಬಯಲಿನಲ್ಲಿ. "ನನ್ನ ಆಡಗೋಳು ನನಗ ಉಣ್ಣಾಕ ಹಾಕ್ತಾವ. ನಾ ಯಾರ ಮಾರಿನೂ ನೋಡೂದಿಲ್ಲ" ಎನ್ನುತ್ತಿದ್ದಳು.

ನನ್ನ ಕಾಕಾ, ಅಂದರೆ ಅವಳ ಕಿರಿಯ ತಮ್ಮ, ಹಾಲಿನ ಸೊಸೈಟಿಯ ಚೇರಮನ್. ಆಗ ನಮ್ಮ ಕಡೆ ಸಕ್ಕರೆ, ಹಾಲು, ಬ್ಯಾಂಕು ಎಲ್ಲವೂ ಸಹಕಾರಿ. ಹೆರಿಗೆಯೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಸಭೆ ಕರೆದು, ಠರಾವು ಮಾಡಿ ಮುಗಿಸಬಹುದೆಂದು ಕಾಕಾ ನಂಬಿದ್ದರು. ಸಭೆಗೂ ಒಂದು ರೂಢಿಯಿತ್ತು. ಠರಾವು ಓದುವವರ ಉಸಿರು ಮುಗಿಯುವ ಮೊದಲೇ "ಮಂಜೂರ್, ಮಂಜೂರ್" ಎಂಬ ಕೂಗು ಏಳಬೇಕು, ಆಮೇಲೆ ಚಹಾ. ಇದರಲ್ಲಿ ಮೋಸವೇನೂ ಇರಲಿಲ್ಲ. ಮಾತುಕತೆ ಮೊದಲೇ ಕಟ್ಟೆಯ ಮೇಲೆ ಆಗಿರುತ್ತಿತ್ತು. ಕಟ್ಟೆ ಗಂಡಸರದು, ಅಷ್ಟೇ.

ಕಾಡು ಬೆಳೆಸುವ ಯೋಜನೆಯೂ ಹೀಗೆಯೇ ಬಂತು. ಹಣ ಹೊರದೇಶದ್ದು, ಸಸಿ ಅರಣ್ಯ ಇಲಾಖೆಯದು, ಕಾಡು ಮಾತ್ರ ಊರಿನದು. ಊರ ಸಮಿತಿಯೇ ಅದನ್ನು ನೋಡಿಕೊಳ್ಳಬೇಕು, ಕಡಿದು ಮಾರಿದ್ದರಲ್ಲಿ ಶಾಲೆಗೆ ಕೋಣೆ ಕಟ್ಟಿಸಬೇಕು. ಸಮಿತಿಯಲ್ಲಿ ಹೆಂಗಸರೂ ಇರಬೇಕೆಂದು ಮೇಲಿನಿಂದ ಸೂಚನೆಯಿತ್ತು. ಕಾಕಾ ಅಕ್ಕನ ಹೆಸರು ಹಾಕಿದರು.

"ನಾ ಅಲ್ಲಿ ಬಂದು ಏನ ಮಾಡ್ಲೋ ತಮ್ಮಾ?"

"ಏನೂ ಮಾಡಬ್ಯಾಡ ಅಕ್ಕಾ. ಕುಂದ್ರು, ಚಾ ಕುಡಿ, ಬಾ."

ಕಾಲೇಜಿಗೆ ರಜೆಯಿತ್ತು, ನಾನು ಚಾವಡಿಯ ಬಾಗಿಲಲ್ಲಿ ನಿಂತಿದ್ದೆ. ಕಾಕಾ ಓದಿದರು: ಗಾಯರಾನಿನಲ್ಲಿ ನೀಲಗಿರಿ ಸಸಿ ಹಚ್ಚುವುದು, ಗಿಡ ಎತ್ತರವಾಗುವ ತನಕ ಅಲ್ಲಿ ಆಡು ಬಿಡದಿರುವುದು. ಮಂಜೂರ್ ಎಂಬ ಕೂಗೆದ್ದಿತು. ಹಿಂದಿನ ಸಾಲಿನಿಂದ ಒಂದು ತೆಳು ದನಿ ತುಸು ತಡವಾಗಿ ಸೇರಿಕೊಂಡಿತು, ಆತ್ಯಾಳದು. ತಡವಾಗಿ ಬಂತೆಂಬುದು ನನ್ನ ನೆನಪೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ, ಈಗ ಬಿಡಿಸಿ ಹೇಳಲಾರೆ.

ಮನೆಗೆ ಬರುವಾಗ ಕೇಳಿದೆ, "ಆತ್ಯಾ, ಇನ್ನ ಆಡು ಎಲ್ಲಿ ಮೇಸ್ತಿ?"

"ಅವ ಅಲ್ಲಿ ನಿಂತು ಓದಾಕತ್ತಿದ್ದ. ನಾ ಬ್ಯಾಡ ಅಂದ್ರ ಮಂದ್ಯಾಗ ಅವನ ಮಾನ ಏನ ಉಳೀತಿತ್ತು?" ಎಂದಳು. ಸ್ವಲ್ಪ ದೂರ ನಡೆದ ಮೇಲೆ, "ಚಾದಾಗ ಸಕ್ಕರಿ ಮಾತ್ರ ಬರೋಬರಿ ಇತ್ತು ನೋಡು."

ಸಸಿಗಳು ಮೊಣಕಾಲೆತ್ತರವಾದಾಗ ವಿದೇಶಿಯರು ಇಲಾಖೆಯ ಅಧಿಕಾರಿಗಳೊಂದಿಗೆ ಜೀಪಿನಲ್ಲಿ ಬಂದರು. ಇದನ್ನು ನಿರ್ಧರಿಸಿದವರು ಯಾರು ಎಂದು ಆತ್ಯಾಳನ್ನು ಕೇಳಿದರು. "ಎಲ್ಲಾರೂ ಕೂಡಿ ಮಂಜೂರ್ ಅಂದೇವ್ರಿ" ಎಂದಳು. ಅವಳ ಕನ್ನಡವನ್ನು ನಾನು ಮರಾಠಿಗೆ ದಾಟಿಸಿದೆ, ನನ್ನ ಮರಾಠಿಯನ್ನು ಅಧಿಕಾರಿಗಳು ಇಂಗ್ಲಿಷಿಗೆ. ಇಂಗ್ಲಿಷ್ ಬಿ.ಎ. ಓದುತ್ತಿದ್ದ ನನಗೆ, ನೇರವಾಗಿ ಇಂಗ್ಲಿಷಿಗೆ ದಾಟಿಸಲಾಗದ್ದಕ್ಕೆ, ಅವಮಾನವಾಯಿತು. ಡೈರಿಯಲ್ಲಿ ಇರುವುದು ಅದೊಂದೇ. ವಿದೇಶಿಯರು ಖುಷಿಯಿಂದ ಬರೆದುಕೊಂಡರು. ಆತ್ಯಾ ಹೇಳಿದ್ದು ಸುಳ್ಳೂ ಆಗಿರಲಿಲ್ಲ.

ಅವಳು ಕೆಲವು ತಿಂಗಳು ಹೊಲದ ಒಡ್ಡುಗಳ ಮೇಲೆ ಆಡು ಮೇಯಿಸಿದಳು, ಹೊಲದವರಿಂದ ಬೈಸಿಕೊಂಡಳು, ಕೊನೆಗೆ ಮಿರಜದ ಸಂತೆಯಲ್ಲಿ ಒಂದೊಂದಾಗಿ ಮಾರಿದಳು. ಗಿಡಗಳು ಎತ್ತರವಾಗಿ ಬಯಲು ಮತ್ತೆ ತೆರೆದಾಗ ಕೆಳಗೆ ಹುಲ್ಲೇ ಇರಲಿಲ್ಲ. ನೀಲಗಿರಿಯ ಎಲೆಗೆ ಆಡೂ ಬಾಯಿ ಹಾಕುವುದಿಲ್ಲ. ಶಾಲೆಗೆ ಕೋಣೆಯಾಯಿತು, ಅದನ್ನೂ ಹೇಳಬೇಕು. ಆತ್ಯಾ ಸಾಂಗ್ಲಿಯ ಅರಿಶಿನ ವಖಾರಕ್ಕೆ ಕೂಲಿಗೆ ಹೋದಳು. ಮೊಣಕಾಲು ಸೋತ ಮೇಲೆ ಅದೂ ನಿಂತು, ಅವಳ ಒಲೆ ಆರಿತು. ತಮ್ಮನ ಮನೆಯಲ್ಲಿ ಯಾರೂ ಅವಳಿಗೆ ಒಂದು ಮಾತು ಅಂದವರಲ್ಲ. ಆದರೂ ಎರಡನೆಯ ಸಲ ಪಲ್ಯ ಕೇಳದೆ ಉಂಡಳು, ಸಾಯುವ ತನಕ.

ಎಷ್ಟೋ ವರ್ಷ ನಾನು ಆ ವಿದೇಶಿಯರನ್ನೂ ಇಲಾಖೆಯನ್ನೂ ಮನಸ್ಸಿನಲ್ಲೇ ಬೈಯುತ್ತಿದ್ದೆ. ದೂರದವರನ್ನು ಬೈಯುವುದು ಸುಲಭ. ಮೊನ್ನೆ ಆಟೋ ಇಳಿದು ಮನೆಗೆ ಹೋಗದೆ ಮಿರಜದ ಬಸ್ಸು ಹತ್ತಿದೆ. ಕಾಕಾ ಈಗ ಅಲ್ಲಿ ಮಗನ ಜೊತೆ ಇದ್ದಾರೆ. "ಏನವಾ, ಹೇಳದ ಕೇಳದ ಬಂದಿ?" ಎಂದು ನಕ್ಕರು. ಸೊಸೆ ಚಹಾ ತಂದಿಟ್ಟಳು. ಅವರು ಚಹಾವನ್ನು ಬಸಿಯಲ್ಲಿ ಸುರಿದುಕೊಳ್ಳುತ್ತಿದ್ದಾಗ ನಾನು ಕೇಳಿದೆ. ಕೇಳಿದ್ದು ಇಷ್ಟೇ:

"ಕಾಕಾ, ಅವತ್ತ ಆತ್ಯಾ ಒಬ್ಬಾಕಿನ ಬ್ಯಾಡ ಅಂದಿದ್ರ, ನೀವು ನಿಲ್ಲಸ್ತಿದ್ರೇನ್ರಿ?"