ಕಂಡಕ್ಟರನಿಗೂ ಒಂದು ಬೀಳ್ಕೊಡುಗೆ

ಪರ್ಕಳದಲ್ಲಿ ಕಾರ್ಕಳದ ಬಸ್ಸು ಹತ್ತಿ ಕುಳಿತೆ. ನನ್ನ ಹಿಂದೆಯೇ ಹತ್ತನೇ ತರಗತಿಯ ಹುಡುಗಿಯರ ದಂಡು ಹತ್ತಿತು. ಶಾಲೆಯ ಬೀಳ್ಕೊಡುಗೆ ಮುಗಿಸಿ ಬಂದಿದ್ದರೂ ಅವರಿಗೆ ಇನ್ನೊಂದು ಬಾಕಿ ಇತ್ತು. ದಿನಾ ತಮ್ಮನ್ನು ಕರೆದುಕೊಂಡು ಬರುತ್ತಿದ್ದ ಕಂಡಕ್ಟರನನ್ನು ಸೀಟಿನಲ್ಲಿ ಕೂರಿಸಿದರು. ಅವನ ಚೀಲವನ್ನು ಒಬ್ಬಳು ಹೆಗಲಿಗೆ ಹಾಕಿಕೊಂಡು ಥೇಟ್ ಅವನಂತೆಯೇ ಕೂಗಿದಳು.

“ಮುಂದೆ ಹೋಗಿ ಮಾರಾಯ್ರೆ, ಒಳಗೆ ಕ್ರಿಕೆಟ್ ಆಡುವಷ್ಟು ಜಾಗ ಉಂಟು!”

ಬಸ್ಸಿಗೆ ಬಸ್ಸೇ ನಕ್ಕಿತು. ಅವನೂ ನಕ್ಕ.

ಆಮೇಲೆ ಅವಳು ಬಾಗಿಲ ಬಳಿ ನಿಂತು, ಯಾರೂ ಇಲ್ಲದ ರಸ್ತೆಗೆ ಬೈಯತೊಡಗಿದಳು. “ಎಂತ ಮಾರಾಯ್ತಿ, ದಿನಾ ಲೇಟ್! ಬಸ್ಸು ನಿನ್ನ ಅಪ್ಪಂದಾ? ನಾಳೆಯಿಂದ ನಡೆದುಕೊಂಡು ಹೋಗು!”

ಅವನ ನಗು ನಿಂತಿತು. ನನಗೂ ಕಸಿವಿಸಿಯಾಯಿತು. ನಾಲ್ಕು ಮಕ್ಕಳನ್ನು ಸಾಕಿದವಳಿಗೆ ತಮಾಷೆ ಎಲ್ಲಿ ಗಡಿ ದಾಟುತ್ತದೆಂದು ಗೊತ್ತಾಗುತ್ತದೆ.

“ನಾನು ಅಷ್ಟು ಬೈದಿದ್ದೇನಾ?” ಎಂದು ಮೆಲ್ಲಗೆ ಕೇಳಿದ.

“ದಿನಾ ಬೈದಿದ್ದೀರಿ ಅಣ್ಣಾ. ನಾನು ಗುಡ್ಡೆ ಇಳಿದು ಓಡಿ ಬರುವ ತನಕ ಬೈಯುತ್ತಾ ಬಸ್ಸು ನಿಲ್ಲಿಸಿದ್ದೀರಿ. ಹತ್ತಿದ ಮೇಲೆ ಒಂದು ದಿನವೂ ಬೈಯಲಿಲ್ಲ. ‘ರೈಟ್’ ಅಂತ ಮಾತ್ರ ಹೇಳ್ತಿದ್ದಿರಿ, ಅಲ್ವಾ?”

ಅವನು ಎದ್ದು ಚೀಲ ಕಿತ್ತುಕೊಂಡ.

“ಸಾಕು ನಿನ್ನ ನಾಟಕ! ಅಜ್ಜಿಗೆ ಟಿಕೆಟ್ಟೇ ಕೊಡಲಿಲ್ಲ ನೀನು!”

ಬೈಗುಳದಲ್ಲಿ ಜೋರೇ ಇರಲಿಲ್ಲ. ನನಗೆ ಟಿಕೆಟ್ ಕೊಟ್ಟು ಚಿಲ್ಲರೆ ಕೊಡುವುದನ್ನೂ ಮರೆತ, ನಾನೂ ಕೇಳಲಿಲ್ಲ.

ಬಿ.ಎ. ಓದುತ್ತಿದ್ದಾಗಿನಿಂದ ನಾನು ದಿನಚರಿ ತಪ್ಪಿಸಿದವಳಲ್ಲ. ಆವತ್ತಿನದ್ದನ್ನೂ ಒಂದಕ್ಷರ ಬಿಡದೆ ಬರೆದಿಟ್ಟಿದ್ದೇನೆ, ಅವನು ‘ಅಜ್ಜಿ’ ಎಂದದ್ದೊಂದನ್ನು ಬಿಟ್ಟು.