ನಾದಾರಿ ತಿಂದ ಕರದಂಟು

ಜನ ಊರು ಬಿಟ್ಟು ಹೋಗುವುದನ್ನು ನೀವು ಕಂಡಿದ್ದೀರಿ. ನನ್ನ ವಿಷಯದಲ್ಲಿ ಊರೇ ನನ್ನನ್ನು ಬಿಟ್ಟು ಹೋಯಿತು. ಒಂದು ಮುಂಜಾನೆ ನಾನು ಪುಣೆಯಲ್ಲಿ ಬಕೆಟ್ಟು ಹಿಡಿದು ನಲ್ಲಿಯ ಸರದಿಯಲ್ಲಿ ನಿಂತಿದ್ದೆ. ಅಷ್ಟರಲ್ಲಿ ಗೋಕಾಕ ತಾಲೂಕಿನ ನಮ್ಮ ಮಮದಾಪುರ ಮುಂಬಯಿ ರಾಜ್ಯದಿಂದ ಎದ್ದು ಮೈಸೂರು ರಾಜ್ಯದಲ್ಲಿ ಹೋಗಿ ಕುಳಿತಿತ್ತು. ಕನ್ನಡಿಗರೆಲ್ಲ ಒಂದಾದರೆಂಬ ಹಿಗ್ಗಿನಲ್ಲಿ ವಾಡಾದವರಿಗೆಲ್ಲ ಚಹಾ ಕುಡಿಸಿದೆ. ವಾಡಾ ಎಂದರೆ ಒಂದು ಅಂಗಳ, ಅದರ ಸುತ್ತ ಹತ್ತಾರು ಬಿಡಾರ, ಎಲ್ಲಕ್ಕೂ ಸೇರಿ ಒಂದು ನಲ್ಲಿ. ನಮ್ಮಲ್ಲಿ ಜಗಳಕ್ಕೆ ಹೊಲದ ಬದು ಬೇಕು. ಇಲ್ಲಿ ನಲ್ಲಿ ಸಾಕು.

ಭಾಷೆಯೂ ಹಾಗೆಯೇ ಕೈಕೊಡುತ್ತಿತ್ತು. ಖಾನಾವಳಿಯಲ್ಲಿ ದಿನವೂ ‘ಪೋಳಿ’ ಬಡಿಸುತ್ತಾರೆಂದು ಕೇಳಿ, ಎಂಥ ಪುಣ್ಯದ ಊರು, ದಿನಾ ಹೋಳಿಗೆ ಎಂದುಕೊಂಡೆ. ತಟ್ಟೆಗೆ ಬಿದ್ದದ್ದು ಚಪಾತಿ. ಹೋಳಿಗೆಯ ಹೆಸರನ್ನು ಚಪಾತಿಗೆ ಕೊಟ್ಟು, ಅದರ ಬೆಲ್ಲವನ್ನು ಬೇಳೆಯ ಸಾರಿಗೆ ಹಾಕುವ ಜನ ಇವರು. ನಮ್ಮ ಖಾರಬ್ಯಾಳಿ ನೆನೆದು ಎಷ್ಟೋ ದಿನ ನೀರು ಕುಡಿದು ಎದ್ದಿದ್ದೇನೆ.

ಹಗಲು ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಅದಕ್ಕೂ ಮೊದಲು ಮುಂಜಾನೆಯ ಕಾಲೇಜು. ಅದು ನೌಕರರಿಗಾಗಿಯೇ ನಡೆಯುವಂಥದು. ಬಿ.ಎ. ಆದರೆ ಹೈಸ್ಕೂಲಿನಲ್ಲಿ ಮಾಸ್ತರನಾಗಬಹುದು. ನನ್ನ ಸ್ವರ್ಗದ ಎತ್ತರ ಅಷ್ಟೇ. ಆದರೆ ನನ್ನ ಪಗಾರ ಹೊಟ್ಟೆಗಾದರೆ ಫೀಗೆ ಆಗುತ್ತಿರಲಿಲ್ಲ. ಹೀಗಾಗಿ ನಾದಾರಿ. ನೀವು ಬಡವರೆಂದು ಸರಕಾರ ಒಪ್ಪಿಕೊಂಡು ಫೀ ಮಾಫ್ ಮಾಡುವುದಕ್ಕೆ ಇಲ್ಲಿ ಆ ಹೆಸರು. ಮೊದಲಿಗೆ ಅದು ತಪ್ಪದೆ ಸಿಕ್ಕಿತು. ಕಾಲೇಜಿನ ಕಾರಕೂನ ರಾವಸಾಹೇಬರಿಗೆ ನಾನೂ ವರ್ಷ ತಪ್ಪದೆ ಗೋಕಾಕದ ಕರದಂಟು ಒಪ್ಪಿಸಿದೆ. ಅದು ಹಲ್ಲಿಗೆ ಮಾತ್ರವಲ್ಲ, ನೆನಪಿಗೂ ಅಂಟುತ್ತದೆಂದು ಆಗ ನನಗೆ ತಿಳಿದಿರಲಿಲ್ಲ.

ಕೊನೆಯ ವರ್ಷ ಕಾಲೇಜಿನ ಗೋಡೆಗೆ ನೋಟೀಸು ಬಿತ್ತು: ‘ಪರಪ್ರಾಂತೀಯರಿಗೆ ನಾದಾರಿ ಇಲ್ಲ.’ ಹೊರನಾಡಿನವರಿಗೆ ಇಲ್ಲ ಎಂದರ್ಥ. ಗದ್ದಲ ಕಡಿಮೆಯಾಯಿತು, ನಮ್ಮಂಥವರಿಗೆ ಸಲೀಸಾಯಿತು ಎಂದು ಬಾಬಾಲಾಲ ಕಾಕಾನಿಗೆ ಸಂತೋಷದಿಂದ ಹೇಳಿದೆ. ಯಮಕನಮರಡಿಯ ಈ ಕಾಕಾ ವಾಡಾದಲ್ಲಿ ನನ್ನ ಬಾಜೂ ಖೋಲಿಯವನು. ಲಾರಿಗೆ ಮಾಲು ಹೇರಿಸುವ ಮುಕಾದಮ.

“ಏ ಶಾಣ್ಯಾ, ಪರಪ್ರಾಂತೀಯ ಅಂದ್ರ ನೀನ ಅದಿ,” ಎಂದ ಕಾಕಾ. “ಚಹಾ ಕುಡಿಸಿದ್ದು ನೆನಪೈತಿಲ್ಲೋ?”

ಮೂರು ವರ್ಷ ಅದೇ ಚಾಪೆಯ ಮೇಲೆ ಮಲಗಿದವನು ನಾನು. ಒಂದು ಗೇಣು ಸರಿಯದೆ ಪರದೇಶಿಯಾಗಿದ್ದೆ.

“ಈಗೇನ್ ಮಾಡ್ಲಿ ಕಾಕಾ?”

“ಕೊಲ್ಹಾಪುರದಾಂವ ಅನ್ನು. ಅದು ಇನ್ನೂ ಮುಂಬಯಿ ರಾಜ್ಯದಾಗ ಐತಿ. ನಿನ್ನ ಮರಾಠಿ ಕೇಳಿದ್ರ ನೀ ಎಲ್ಲ್ಯಾಂವ ಅಂತ ದೇವರಿಗೂ ತಿಳಿಯಂಗಿಲ್ಲ.”

“ಹಳೀ ಕಾಗದದಾಗ ಗೋಕಾಕ ಅಂತ ಐತಲ್ಲ?”

“ಹಳೀ ಕಾಗದ ಇಲಿ ಓದತಾವ, ಕಾರಕೂನ ಓದಂಗಿಲ್ಲ.”

ಕಾಕಾನ ಶಾಸ್ತ್ರ ಸುಳ್ಳಾಗಲಿಲ್ಲ. ರಾವಸಾಹೇಬರು ಹಳೆಯ ಕಾಗದ ತೆಗೆಯಲಿಲ್ಲ, ಮುಖವನ್ನೂ ನೋಡಲಿಲ್ಲ. ಊರು ಕೇಳಿದರು. ಕೊಲ್ಹಾಪುರ ಎಂದೆ. ಬರೆದುಕೊಂಡರು. ಎದೆ ಹಗುರಾಯಿತು. ಆ ಕೃತಜ್ಞತೆಯಲ್ಲಿ, ರೂಢಿಯಂತೆ, ಚೀಲದಿಂದ ಕರದಂಟಿನ ಪುಡಿಕೆ ತೆಗೆದು ಮೇಜಿನ ಮೇಲಿಟ್ಟೆ.

ಅವರು ಒಂದು ತುಂಡು ಬಾಯಿಗಿಟ್ಟರು. ಕರದಂಟು ಬಾಯಲ್ಲಿದ್ದಾಗ ಯಾರೂ ಮಾತಾಡಲಾರರು. ನಾನು ಕಾದೆ. ಶಿಕ್ಷೆ ಜಗಿದು ಮುಗಿದ ಮೇಲೆ ಬಂತು. ಅವರ ಮರಾಠಿಯನ್ನು ನಮ್ಮ ಮಾತಿಗೆ ಇಳಿಸಿದರೆ ಇಷ್ಟು: “ಕೊಲ್ಹಾಪುರದಾಂವ ಬೆಲ್ಲ ತರತಾನಪಾ. ಇದನ್ನ ತರಾಂವ ಗೋಕಾಕದಾಂವ.”

ಹೆಸರಿನ ಮೇಲೆ ಗೆರೆ ಎಳೆದರು. ಇನ್ನೊಂದು ತುಂಡು ತೆಗೆದುಕೊಂಡರು. ನ್ಯಾಯ ಬೇರೆ, ನಾಲಿಗೆ ಬೇರೆ.

ಇನ್ನು ನಮ್ಮ ರಾಜ್ಯವೇ ಗತಿ ಎಂದು ರಜೆ ಹಾಕಿ ಗೋಕಾಕಕ್ಕೆ ಬಂದೆ. ಫೀಗೆ ಸಹಾಯ ಕೇಳಲು ಹೋದ ಸರಕಾರಿ ಕಚೇರಿಯಲ್ಲಿ ನಮ್ಮದೇ ಭಾಷೆ, ನಮ್ಮದೇ ಕಾರಕೂನ. ಕಣ್ಣು ತುಂಬಿ ಬಂದವು.

“ಪಗಾರ ತಗೋತಿಯಲ್ಲೋ ತಮ್ಮಾ, ಬಡಾಂವ ಹೆಂಗಾದಿ?”

“ಪಗಾರ ಇಲ್ದವ್ರನ್ನ ಆ ಕಾಲೇಜಿಗೆ ತಗೊಳ್ಳಂಗಿಲ್ರಿ.”

“ಅರ್ಧಾ ದಿನಾ ಕಲಿಯಾವ್ರು ಅರ್ಧಾ ಬಡವ್ರು. ನಮ್ಮ ಸಹಾಯ ಪೂರ್ತಿ ಬಡವ್ರಿಗೆ. ನೌಕರಿ ಬಿಡು, ನಮ್ಮ ರಾಜ್ಯದ ಕಾಲೇಜಿಗೆ ಸೇರು, ಆಮ್ಯಾಗ ಬಾ. ನೋಡೂಣು.”

“ನೌಕರಿ ಬಿಟ್ರ ಉಣ್ಣೂದೇನ್ರಿ?”

ಅದು ತಮ್ಮ ಖಾತೆಗೆ ಬರುವುದಿಲ್ಲ ಎಂಬಂತೆ ಅವರು ನನ್ನ ಚೀಲದತ್ತ ನೋಡಿದರು. “ಪುಣೇದಿಂದ ಬಂದೀ, ಚಿವಡಾ ತರಲಿಲ್ಲೇನು?”

ಫೀ ಕಟ್ಟಲಾಗದೆ ಕಾಲೇಜಿನ ಹಾಜರಿಪಟದಿಂದ ನನ್ನ ಹೆಸರು ಹೋಯಿತು. ಬಿ.ಎ. ಆಗಲಿಲ್ಲ. ಊರಿಗೆ ಹೋದರೆ ಊರವರು ‘ಪುಣೇದಾಂವ ಬಂದ’ ಎನ್ನುತ್ತಾರೆ. ಇಲ್ಲಿ ಪುಣೆಯವರು ಒಮ್ಮೆ ಮೈಸೂರಿನವ ಎನ್ನುತ್ತಾರೆ, ಒಮ್ಮೆ ಮದ್ರಾಸಿ. ಛಾಪಖಾನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಪ್ರತಿ ವರ್ಷ ಆ ಕಾಲೇಜಿನ ನಾದಾರಿ ನೋಟೀಸು ನಮ್ಮಲ್ಲಿಗೇ ಅಚ್ಚಿಗೆ ಬರುತ್ತದೆ, ಜೋಡಿಸುವವನು ನಾನು. ಮೊಳೆಯಲ್ಲಿ ಅಕ್ಷರ ಹಿಂದುಮುಂದಾಗಿರುತ್ತದೆ, ಕಾಗದದ ಮೇಲೆ ನೆಟ್ಟಗಾಗುತ್ತದೆ. ‘ಪರಪ್ರಾಂತೀಯ’ ಎಂಬ ಪದದಲ್ಲಿ ಒಂದೂ ತಪ್ಪು ಬರದಂತೆ ನೋಡಿಕೊಳ್ಳುತ್ತೇನೆ. ಆ ಕಡೆಯಿಂದ ಓದಿದರೂ ಈ ಕಡೆಯಿಂದ ಓದಿದರೂ ಅದು ನಾನೇ.