ದಮಾಸನ ವಿಲ್ಬ್ರೋನ ಫಿಲೋರಂ

ಸೇಂ-ಯೂಲೋಜ್ ಊರಿನಲ್ಲಿ ಹೆಚ್ಚುಕಡಿಮೆ ಎಲ್ಲರ ಮನೆತನದ ಹೆಸರೂ ಗೋದ್ರೋ. ಬೀದಿಯಲ್ಲಿ ನಿಂತು ಗೋದ್ರೋ ಎಂದು ಕೂಗಿದರೆ ಪಾದ್ರಿಗಳನ್ನು ಬಿಟ್ಟು ಉಳಿದವರೆಲ್ಲ ತಿರುಗಿ ನೋಡುತ್ತಾರೆ. ಹಾಗಾಗಿ ಅಲ್ಲಿ ಮನುಷ್ಯನ ಗುರುತು ಅಂದರೆ ಅಪ್ಪ, ಅಜ್ಜಂದಿರ ಹೆಸರು ಪೋಣಿಸಿ ಹೇಳುವುದು. ಚರ್ಚಿನ ಗಂಟೆ ಹೊಡೆಯುವ ಫಿಲೋರಂ, ದಮಾಸನ ವಿಲ್ಬ್ರೋನ ಫಿಲೋರಂ; ದಮಾಸ್ ಅಜ್ಜ, ವಿಲ್ಬ್ರೋ ಅಪ್ಪ. ಹಾಗೆಂದು ಹೇಳಿಕೊಳ್ಳುವಾಗ ಅವನ ಎದೆ ಒಂದು ಗೇಣು ಉಬ್ಬುತ್ತಿತ್ತು. ಬೇರೆಯವರ ವಂಶವೂ ಅವನಿಗೆ ಬಾಯಿಪಾಠ. ಯಾರ ಮದುವೆಗೂ ಮೊದಲ ಮಗುವಿಗೂ ನಡುವೆ ಎಷ್ಟು ತಿಂಗಳು ಎಂಬುದನ್ನು ಕೇಳದಿದ್ದರೂ ಹೇಳುವ ಜಾತಿಯವನು.

೧೯೨೩ರಲ್ಲಿ ಅವನ ತಂಗಿ ಆಲ್ಫೆಡಾಳನ್ನು ಕೇಳಿಕೊಂಡು ಲೆಯಾಂದ್ರ್ ಬಂದ. ಸನ್ಯಾಸಿನಿಯರ ಅನಾಥಾಲಯದಲ್ಲಿ ಬೆಳೆದು ಊರಿನ ಮರದ ಮಿಲ್ಲಿಗೆ ಕೆಲಸಕ್ಕೆ ಸೇರಿದವನು. ದುಡಿಮೆಗಾರ, ಕುಡಿತ ಮುಟ್ಟದವನು. ಅಪ್ಪ ತೀರಿಹೋಗಿದ್ದರಿಂದ ಹೂಂ ಅನ್ನಬೇಕಾದವನು ಫಿಲೋರಂ.

"ನೀನು ಯಾರವನಪ್ಪಾ?" ಅಂದ, ಅಡುಗೆಮನೆ ತುಂಬ ನೆಂಟರಿದ್ದಾಗ. ಲೆಯಾಂದ್ರ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. "ಹಾಗಾದ್ರೆ ಯಾರವನೂ ಅಲ್ಲದ ಲೆಯಾಂದ್ರ್ ಅನ್ನು. ಬಾಗಿಲು ಅಲ್ಲಿದೆ."

ನೆಂಟರು ನಕ್ಕರು. ಆ ಹೆಸರು ಅವನಿಗೆ ಜನ್ಮಕ್ಕಂಟಿತು. ಅವನು ಪಕ್ಕದೂರಿನ ಹುಡುಗಿಯನ್ನು ಮದುವೆಯಾದ. ಆಲ್ಫೆಡಾ ಯಾರನ್ನೂ ಆಗಲಿಲ್ಲ. ಅಣ್ಣನ ಮನೆಯಲ್ಲೇ ಮಗ್ಗದ ಮುಂದೆ ಕೂತು ಚಿಂದಿಬಟ್ಟೆಯ ಹೊದಿಕೆ ನೇಯುತ್ತ ಮೂವತ್ತೆಂಟು ವರ್ಷ ಕಳೆದಳು.

೧೯೬೧ರಲ್ಲಿ ಚರ್ಚಿಗೆ ನೂರಿಪ್ಪತ್ತೈದು ತುಂಬಿತು. ಹಬ್ಬದ ದಿನ ಪ್ರತಿ ಮನೆಯ ಹಿರಿಯ ಎದ್ದು ತನ್ನ ವಂಶಾವಳಿ ಓದಬೇಕು ಎಂದಾಯಿತು. ಚರ್ಚಿನ ಹಳೆಯ ದಾಖಲೆ ಪುಸ್ತಕ ನೋಡಿ ಎಲ್ಲರದನ್ನೂ ಬರೆದುಕೊಡುವ ಕೆಲಸ ಫಿಲೋರಂನದು. ತನ್ನದನ್ನು ಕೊನೆಗಿಟ್ಟುಕೊಂಡಿದ್ದ, ಬಾಯಿಪಾಠವಾದದ್ದನ್ನು ನೋಡುವುದೇನು ಎಂದು. ೧೮೪೮ರ ಮಾರ್ಚ್ ತಿಂಗಳ ಪುಟದಲ್ಲಿ ಹೀಗಿತ್ತು: ಮೂರು ವಾರದ ಗಂಡುಮಗು, ಇಸಿದೋರ್ ಗೋದ್ರೋನ ಕೊಟ್ಟಿಗೆ ಬಾಗಿಲಲ್ಲಿ ಸಿಕ್ಕಿದ್ದು, ತಂದೆತಾಯಿ ಯಾರೆಂದು ತಿಳಿಯದು, ಹೆಸರು ದಮಾಸ್, ಇಸಿದೋರನೇ ಸಾಕುತ್ತಾನೆ.

ಫಿಲೋರಂನಿಗೆ ಅಜ್ಜನ ಬಗ್ಗೆ ನಾಚಿಕೆಯಾಗಲಿಲ್ಲ. ಲೆಯಾಂದ್ರನ ಕೈಯಲ್ಲಿ ತಿರುಗುತ್ತಿದ್ದ ಆ ಟೋಪಿ ಕಣ್ಣ ಮುಂದೆ ಬಂತು, ಕಿವಿ ಬಿಸಿಯಾಯಿತು. ದಾಖಲೆ ಕಪಾಟಿನ ಬೀಗದ ಕೈ ತನ್ನ ಹತ್ತಿರವೇ ಇದೆ, ಈ ಪುಟ ಹರಿದರೆ ಕೇಳುವವರಿಲ್ಲ ಎಂದೂ ಅನಿಸಿತು. ಹಾಗೆ ಅನಿಸಿದ್ದಕ್ಕೆ ಇನ್ನಷ್ಟು ಕುಗ್ಗಿಹೋದ.

ಮಧ್ಯಾಹ್ನ ಊಟಕ್ಕೆ ಕೂತಾಗ ತಂಗಿಗೆ ಹೇಳಿಬಿಟ್ಟ. ಆಲ್ಫೆಡಾ ದೋಸೆಗೆ ಕಾಕಂಬಿ ಸುರಿದುಕೊಳ್ಳುತ್ತಿದ್ದವಳು ಕೈ ತಡೆದಳು.

"ಮಾರ್ಚಿನಲ್ಲಾ? ಹಿಮದಲ್ಲಿ. ಪಾಪ ಕೂಸು."

"ನನ್ನಿಂದ ತಪ್ಪಾಯ್ತು ಕಣೇ."

"ಅಡುಗೆಮನೇಲಿ ಕೂತು ನನಗೊಬ್ಬಳಿಗೇ ಹೇಳಿದ್ರೆ ಏನು ಬಂತು? ಅವತ್ತು ಅಂದಿದ್ದು ಎಲ್ಲರೆದುರಿಗೆ ತಾನೆ?" ಎಂದವಳು ತಟ್ಟೆ ಎತ್ತಿಕೊಂಡು ಎದ್ದಳು.

ಹಬ್ಬದ ದಿನ ಚರ್ಚು ಕಿಕ್ಕಿರಿದಿತ್ತು. ಮೂರನೇ ಸಾಲಿನಲ್ಲಿ ಲೆಯಾಂದ್ರ್, ಹೆಂಡತಿ, ಮೊಮ್ಮಕ್ಕಳು. ಫಿಲೋರಂ ಎದ್ದು ನಿಂತು ಕೈಯ ಕಾಗದ ಮಡಿಸಿ ಜೇಬಿಗಿಟ್ಟ.

"ನಾನು ವಿಲ್ಬ್ರೋನ ಫಿಲೋರಂ. ವಿಲ್ಬ್ರೋ ದಮಾಸನ ಮಗ. ದಮಾಸ್ ಯಾರವನೂ ಅಲ್ಲ."

ತಮಾಷೆಯೆಂದುಕೊಂಡು ಯಾರೋ ನಕ್ಕರು.

"ನಗಬೇಡಿ. ಇಸಿದೋರ್ ಗೋದ್ರೋನ ಕೊಟ್ಟಿಗೆ ಬಾಗಿಲಲ್ಲಿ ಸಿಕ್ಕಿದ ಮಗು ಅದು, ಅವನೇ ಸಾಕಿದ್ದು. ಯಾರವನೂ ಅಲ್ಲ ಅನ್ನೋ ಹೆಸರನ್ನ ನಾನು ಇಲ್ಲಿರೋ ಒಬ್ಬರಿಗೆ ಅಂಟಿಸಿದ್ದೆ. ಅದು ನಮ್ಮನೇದು, ವಾಪಸ್ ತಗೋತೀನಿ."

ಲೆಯಾಂದ್ರ್ ತಲೆ ಎತ್ತಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಮೆಟ್ಟಿಲ ಮೇಲೆ ಎದುರಾದ. ಫಿಲೋರಂ ಬಾಯಿ ತೆರೆಯುವ ಮೊದಲೇ ಅವನೇ ಮಾತಾಡಿದ.

"ಇಸಿದೋರ್ ಒಳ್ಳೆಯವನಿರಬೇಕು. ಬಾಗಿಲು ತೆಗೆದ."

ಅಷ್ಟೇ ಹೇಳಿ ಮೊಮ್ಮಗಳ ಕೈ ಹಿಡಿದು ಇಳಿದುಹೋದ. ಹಿಂದೆ ನಿಂತಿದ್ದ ಆಲ್ಫೆಡಾಳಿಗೂ ಅದು ಕೇಳಿಸಿತ್ತು. ಯಾವಾಗಲೂ ಅಣ್ಣನಿಗಾಗಿ ಕಾಯುತ್ತಿದ್ದವಳು ಅವತ್ತು ಕಾಯದೆ ಒಬ್ಬಳೇ ಮನೆಗೆ ನಡೆದಳು.